ಹೊಂಡದ ಬೇಲಿ ದನಕ್ಕೋ, ಮಗುವಿಗೋ?



ಈ ಸಲ ಮಳೆ ಕೈ ಬಿಡಲಿಲ್ಲ. ನಮ್ಮ ಸುತ್ತಮುತ್ತ ಕೃಷಿ ಹೊಂಡಗಳೆಲ್ಲ ಬಾಯಿಮಟ್ಟ ತುಂಬಿವೆ. ನೀವೆಲ್ಲ ಹಾಕೋ ಫೋಟೋ ನೋಡಿ ಖುಷಿಯಾಗ್ತಿದೆ. ಇನ್ನು ಹದಿನೈದು ದಿನಕ್ಕೆ ದಸರಾ ರಜ. ಬೆಂಗಳೂರು, ತುಮಕೂರು ಕಡೆ ಇರೋ ಮಕ್ಕಳು ಮೊಮ್ಮಕ್ಕಳು ಊರಿಗೆ ಬರ್ತಾರೆ. ನಮ್ಮ ಮನೆಗೂ ಮಗಳು ಎರಡೂವರೆ ವರ್ಷದ ಮೊಮ್ಮಗನನ್ನ ಕರ್ಕೊಂಡು ಬರ್ತಾಳೆ. ಹೊಂಡ ಇರೋದು ಹಿತ್ತಲ ಬಾಗಿಲಿಂದ ಅರವತ್ತು ಹೆಜ್ಜೆ ದೂರದಲ್ಲಿ. ಅದಕ್ಕೇ ಈ ಸಲದ ಟಿಪ್ಪಣಿ ಬೆಳೆ ಬಗ್ಗೆ ಅಲ್ಲ, ಬೇಲಿ ಬಗ್ಗೆ. ಸ್ವಲ್ಪ ಉದ್ದ ಆಗುತ್ತೆ. ಸಾಯಂಕಾಲ ಹಾಲು ಕರೆದು ಡೈರಿಗೆ ಹಾಕಿ ಬಂದ ಮೇಲೆ ನಿಧಾನಕ್ಕೆ ಓದಿ.

ಬೇಲಿಗೂ ಒಂದು ಚರಿತ್ರೆ ಇದೆ. ಅದು ನಮ್ಮೂರಲ್ಲಿ ಶುರುವಾಗಿದ್ದಲ್ಲ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಮನೆ ಹಿತ್ತಲಲ್ಲಿ ಈಜುಕೊಳ ಕಟ್ಟಿಸಿಕೊಂಡ ಜನರದ್ದು. ನಮಗೂ ಅದಕ್ಕೂ ಏನು ಸಂಬಂಧ ಅಂತ ನಾನೂ ಅಂದುಕೊಂಡಿದ್ದೆ. ನಮ್ಮ ದೊಡ್ಡಪ್ಪನ ಮೊಮ್ಮಗ ಒಬ್ಬ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಕೆಲಸದಲ್ಲಿದ್ದಾನೆ. ಅವನು ಅಲ್ಲಿ ಬಾಡಿಗೆ ಮನೆ ಹಿಡಿದಾಗ ಹಿತ್ತಲಲ್ಲಿ ಈಜುಕೊಳ ಇತ್ತಂತೆ. ಆ ಕೊಳಕ್ಕೆ ಒಂದು ಸುರಕ್ಷತಾ ಸರ್ಟಿಫಿಕೇಟ್ ಇರಲೇಬೇಕು, ಅದಿಲ್ಲದೆ ಮನೆ ಬಾಡಿಗೆಗೆ ಕೊಡೋ ಹಾಗಿಲ್ಲ. ಒಂದೇ ಮನೆಯವರು ಬಳಸೋ ಕೊಳವಾದರೆ ಆ ಸರ್ಟಿಫಿಕೇಟಿಗೆ ಎರಡು ವರ್ಷ ಆಯಸ್ಸು. ನಾವು ಗಾಡಿಗೆ ಎಫ್‌ಸಿ ಮಾಡಿಸಲ್ವಾ, ಹಾಗೆ. ಪರೀಕ್ಷೆ ಮಾಡೋನು ಬಂದು ನೀರನ್ನ ನೋಡೋದು ಕಮ್ಮಿ, ಬೇಲಿಯನ್ನ ಟೇಪು ಹಿಡಿದು ಅಳೆಯೋದು ಜಾಸ್ತಿ ಅಂತ ಹುಡುಗ ಫೋನಲ್ಲಿ ಹೇಳಿದ. ನೀರಿಗಿಂತ ಬೇಲಿ ಯಾಕೆ ದೊಡ್ಡದಾಯ್ತು ಅಂತ ಹುಡುಕ್ತಾ ಹೋದೆ. ಓದಿದ್ದನ್ನ ಇಲ್ಲಿ ಹೇಳ್ತೀನಿ.

ಮೊದಲು ಕೊಳ ಮನೆಗೆ ಬಂದ ಕಥೆ. ನೂರು ವರ್ಷದ ಹಿಂದೆ ಸ್ವಂತ ಈಜುಕೊಳ ಅಂದರೆ ರಾಜರು, ಕೋಟ್ಯಧಿಪತಿಗಳ ಬಾಬತ್ತು. ಅದು ಸಾಮಾನ್ಯರ ಹಿತ್ತಲಿಗೆ ಬಂದಿದ್ದು ಒಂದು ಮೆಷಿನ್‌ನಿಂದ. ಅಮೆರಿಕಾದ ಷಿಕಾಗೋ ಮ್ಯೂಸಿಯಂನಲ್ಲಿ ಕಾರ್ಲ್ ಏಕ್ಲಿ ಅಂತ ಒಬ್ಬ ಇದ್ದ. ಸತ್ತ ಪ್ರಾಣಿಗಳ ಚರ್ಮಕ್ಕೆ ಆಕಾರ ಕೊಟ್ಟು ಜೀವಂತ ಇದ್ದ ಹಾಗೆ ನಿಲ್ಲಿಸೋದು ಅವನ ಕಸುಬು. 1907ರ ಹೊತ್ತಿಗೆ ಅವನು ಗಾಳಿಯ ಒತ್ತಡದಲ್ಲಿ ಸಿಮೆಂಟು ಮರಳು ಎರಚೋ ಒಂದು ಗನ್ ಮಾಡಿದ. ಮ್ಯೂಸಿಯಂ ಗೋಡೆ ರಿಪೇರಿಗೆ ಅಂತ ಮಾಡಿದ್ದು. ಆಮೇಲೆ ಅದೇ ಗನ್ನಿನಿಂದ, ಗುಂಡಿ ತೋಡಿ ಕಬ್ಬಿಣದ ಜಾಲ ಹೆಣೆದು, ಸೆಂಟ್ರಿಂಗ್ ಇಲ್ಲದೆ ಕಾಂಕ್ರೀಟ್ ಎರಚಿ ಈಜುಕೊಳ ಕಟ್ಟೋದು ಶುರುವಾಯ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಮಧ್ಯಮ ವರ್ಗದವರ ಮನೆಗೂ ಕೊಳ ಬಂತು. ಅಲ್ಲಿಂದ ಬಿಸಿಲಿನ ಸೀಮೆಯಾದ ಆಸ್ಟ್ರೇಲಿಯಾಕ್ಕೆ ಆ ಚಾಳಿ ಹೋಯ್ತು. 1970ರ ದಶಕದ ಹೊತ್ತಿಗೆ ಅಲ್ಲಿ ಸಾಧಾರಣ ಸಂಬಳದವರ ಹಿತ್ತಲಲ್ಲೂ ನೀಲಿ ನೀರು ನಿಂತಿತ್ತು.

ನಮ್ಮ ಕಡೆ ಜೆಸಿಬಿ ಮತ್ತು ಪ್ಲಾಸ್ಟಿಕ್ ಶೀಟು ಬಂದ ಮೇಲೆ ಏನಾಯ್ತೋ ಅಲ್ಲಿ ಆ ಗನ್ನಿನಿಂದ ಅದೇ ಆಯ್ತು. ಆಳವಾದ ನೀರು ಊರಾಚೆ ಇದ್ದಿದ್ದು ಮನೆ ಬಾಗಿಲಿಗೆ ಬಂತು.

ನೀರಿನ ಜೊತೆ ಸಾವೂ ಬಂತು. ಬ್ರಿಸ್ಬೇನ್ ನಗರದ ಮಕ್ಕಳ ಡಾಕ್ಟರು ಜಾನ್ ಪರ್ನ್ ಮತ್ತು ಅವರ ಜೊತೆಯವರು 1970ರ ದಶಕದಲ್ಲಿ ಮುಳುಗಿದ ಮಕ್ಕಳ ಲೆಕ್ಕ ಹಿಡಿದು ಕೂತರು. ಅವರ ಕೆಲಸದಿಂದ, ಆಮೇಲೆ ಬೇರೆಯವರ ಕೆಲಸದಿಂದ ಒಂದು ಚಿತ್ರ ಮೂಡಿತು. ಮುಳುಗ್ತಾ ಇದ್ದವರು ಈಜೋಕೆ ಹೋದ ಮಕ್ಕಳಲ್ಲ. ಇನ್ನೂ ಐದು ವರ್ಷ ತುಂಬದ, ಅದರಲ್ಲೂ ಆಗ ತಾನೇ ನಡೆಯೋಕೆ ಓಡೋಕೆ ಕಲಿತ ಕೂಸುಗಳು. ಈಜುಡುಪು ಹಾಕಿದ ಹೊತ್ತಲ್ಲ, ಮಾಮೂಲಿ ಬಟ್ಟೆಯಲ್ಲಿ. ತಾಯಿ ತಂದೆ ಊರಲ್ಲಿಲ್ಲದಾಗಲೂ ಅಲ್ಲ, ಅದೇ ಮನೆಯಲ್ಲಿ ಇದ್ದಾಗಲೇ. ಯಾರೋ ಫೋನಿಗೆ ಹೋದರು, ಒಲೆ ಆರಿಸೋಕೆ ಹೋದರು, ಅಷ್ಟರಲ್ಲಿ. ಸಿನಿಮಾದಲ್ಲಿ ತೋರಿಸೋ ಹಾಗೆ ಕೂಸು ಕೂಗಲ್ಲ, ಕೈ ಬೀಸಲ್ಲ. ತಲೆ ಭಾರ, ಮೈ ಹಗುರ, ಮುಖ ಅಡಿಯಾಗಿ ಸದ್ದಿಲ್ಲದೆ ಹೋಗುತ್ತೆ. ಕೆಲವೇ ನಿಮಿಷದಲ್ಲಿ ಮೆದುಳಿಗೆ ಸರಿಪಡಿಸಲಾಗದ ಪೆಟ್ಟು ಬೀಳುತ್ತೆ.

ಆಗ ಅಲ್ಲಿನ ಜನ ಆಡಿದ ಮಾತು ಏನು ಅಂದ್ರೆ, ನಾವು ಇವತ್ತು ಆಡೋದೇ. "ಮಗು ನೋಡ್ಕೊಳ್ಳೋದು ಅಪ್ಪ ಅಮ್ಮನ ಜವಾಬ್ದಾರಿ. ಅವರು ಕಣ್ಣಿಟ್ಟಿದ್ರೆ ಬೇಲಿ ಯಾಕೆ? ನನ್ನ ಜಮೀನಿನಲ್ಲಿ ನಾನು ಏನು ಕಟ್ಟಬೇಕು ಅಂತ ಸರ್ಕಾರ ಯಾಕೆ ಹೇಳಬೇಕು? ಬೇಲಿ ಹಾಕಿದ್ರೆ ಕೊಳ ಚೆನ್ನಾಗಿ ಕಾಣಲ್ಲ, ದುಡ್ಡು ದಂಡ." ಹೀಗೆ ವಾದ ವರ್ಷಗಟ್ಟಲೆ ನಡೀತು.

ವಾದಕ್ಕೆ ಉತ್ತರ ಸಿಕ್ಕಿದ್ದು ಲೆಕ್ಕದಿಂದ. ಬ್ರಿಸ್ಬೇನಿನಲ್ಲಿ ಮಾಡಿದ ಒಂದು ಅಧ್ಯಯನ 1991ರಲ್ಲಿ ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಬೇಲಿ ಇಲ್ಲದ ಕೊಳದಲ್ಲಿ ಮಗು ಮುಳುಗೋ ಅಪಾಯ ಬೇಲಿ ಇದ್ದ ಕೊಳಕ್ಕಿಂತ 3.76 ಪಟ್ಟು ಜಾಸ್ತಿ ಅಂತ ಅದರಲ್ಲಿ ಕಂಡಿತು. ನಮ್ಮ ಮಾತಲ್ಲಿ ಹೇಳೋದಾದ್ರೆ ಮೂರು ಮುಕ್ಕಾಲು ಪಟ್ಟು. ಗಮನಿಸಿ, ಎರಡೂ ಕಡೆ ಇದ್ದಿದ್ದು ಅದೇ ಊರಿನ, ಅದೇ ತರದ ಅಪ್ಪ ಅಮ್ಮಂದಿರು. ಒಂದು ಕಡೆ ಪ್ರೀತಿ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಅಂತ ಏನಿಲ್ಲ. ವ್ಯತ್ಯಾಸ ಬೇಲಿಯದ್ದು.

ಅದಕ್ಕೂ ಮುಂಚೆಯೇ, 1987ರಲ್ಲಿ, ಪಕ್ಕದ ನ್ಯೂಜಿಲೆಂಡ್ ದೇಶ ಈಜುಕೊಳಗಳಿಗೆ ಬೇಲಿ ಹಾಕೋ ಕಾನೂನನ್ನೇ ಪಾಸು ಮಾಡಿತ್ತು. ಕ್ವೀನ್ಸ್‌ಲ್ಯಾಂಡ್‌ನಲ್ಲಿ 1991ರ ಫೆಬ್ರವರಿ 1ರಿಂದ ರಾಜ್ಯಕ್ಕೆಲ್ಲ ಅನ್ವಯಿಸೋ ಬೇಲಿ ಕಾನೂನು ಜಾರಿಗೆ ಬಂತು. ಸಿಡ್ನಿ ಇರೋ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1992ರ ಕಾನೂನು. ಅಲ್ಲಿ ಒಂದು ರಾಜಿ ಆಯ್ತು. 1990ರ ಆಗಸ್ಟ್ 1ಕ್ಕಿಂತ ಮುಂಚೆ ಕಟ್ಟಿದ ಕೊಳಗಳಿಗೆ ನಾಲ್ಕು ಕಡೆ ಬೇಲಿ ಕಡ್ಡಾಯ ಅಲ್ಲ, ಮೂರು ಕಡೆ ಬೇಲಿ, ನಾಲ್ಕನೇ ಕಡೆಗೆ ಮನೆಯ ಗೋಡೆಯೇ ಸಾಕು, ಆದರೆ ಆ ಗೋಡೆಯ ಬಾಗಿಲು ಕಿಟಕಿ ಮಕ್ಕಳ ಕೈಗೆ ತೆಗೆಯೋಕೆ ಬರಬಾರದು ಅಂದರು.

ಈ ಮೂರು ಕಡೆ, ನಾಲ್ಕು ಕಡೆ ಅನ್ನೋದೇ ಇಡೀ ಕಥೆಯ ತಿರುಳು. ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಬೇಲಿ ಅಂದರೆ ನಮಗೆ ಮೊದಲು ಕಾಣೋದು ರಸ್ತೆ ಕಡೆ. ಹೊರಗಿನವರು ಬರಬಾರದು, ದನ ಕುರಿ ನುಗ್ಗಬಾರದು, ಕಳ್ಳ ಮೋಟಾರು ಬಿಚ್ಚಬಾರದು. ಹಾಗಾಗಿ ಹೊಲದ ಸುತ್ತ ಹಾಕ್ತೀವಿ. ಮನೆ ಆ ಬೇಲಿಯ ಒಳಗೇ ಇರುತ್ತೆ, ಹೊಂಡವೂ ಒಳಗೇ ಇರುತ್ತೆ. ಅಲ್ಲೂ ಮೊದಲಿಗೆ ಹಾಗೇ ಇತ್ತು. ಸೈಟಿನ ಸುತ್ತ ಕಾಂಪೌಂಡು, ಒಳಗೆ ಮನೆ, ಒಳಗೇ ಕೊಳ. ಆದರೆ ಮುಳುಗೋ ಮಗು ಬೀದಿಯಿಂದ ಬರ್ತಾ ಇರಲಿಲ್ಲ. ಮನೆಯಿಂದ ಬರ್ತಾ ಇತ್ತು. ಅಡುಗೆಮನೆ ಬಾಗಿಲಿಂದ, ಹಿತ್ತಲಿಂದ. ಬೇಲಿ ಇದ್ದಿದ್ದು ಮಗು ಬಾರದ ಕಡೆ, ಇಲ್ಲದೆ ಇದ್ದಿದ್ದು ಮಗು ಬರೋ ಕಡೆ.

1998ರಲ್ಲಿ ಕಾಕ್ರೇನ್ ಅನ್ನೋ ಹೆಸರಾಂತ ವೈದ್ಯಕೀಯ ಸಂಸ್ಥೆಯ ಮೂಲಕ, ಅಲ್ಲಿಯವರೆಗೆ ಆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿ ನೋಡಿದರು. ಕೊಳವನ್ನ ಮನೆಯಿಂದಲೂ ಬೇರೆ ಮಾಡೋ ನಾಲ್ಕು ಸುತ್ತಿನ ಬೇಲಿ, ಬರೀ ಸೈಟಿನ ಸುತ್ತ ಹಾಕೋ ಬೇಲಿಗಿಂತ ಎಷ್ಟೋ ಮೇಲು ಅಂತ ಬಂತು. ಅಪಾಯ ಸುಮಾರು ಆರರಲ್ಲಿ ಒಂದು ಪಾಲಿಗೆ ಇಳಿಯುತ್ತೆ ಅಂತ ಅವರ ಲೆಕ್ಕ. ಕ್ವೀನ್ಸ್‌ಲ್ಯಾಂಡಿನವರು ಆಮೇಲೆ ಹಳೇ ಕೊಳ ಹೊಸ ಕೊಳ ಅನ್ನೋ ಭೇದವನ್ನೇ ತೆಗೆದು, 2015ರ ನವೆಂಬರ್ 30ರ ಒಳಗೆ ಎಲ್ಲ ಕೊಳಗಳೂ ಒಂದೇ ನಿಯಮಕ್ಕೆ ಬರಬೇಕು ಅಂದರು. ನಮ್ಮ ಹುಡುಗನ ಸರ್ಟಿಫಿಕೇಟು ಆ ಸುಧಾರಣೆಯಲ್ಲಿ ಬಂದಿದ್ದು.

ಫ್ರಾನ್ಸ್ ದೇಶ ಬೇರೆ ದಾರಿ ಹಿಡಿಯಿತು. 2003ರ ಜನವರಿ 3ರ ಕಾನೂನಿನಲ್ಲಿ ನಾಲ್ಕು ಆಯ್ಕೆ ಕೊಟ್ಟರು: ಬೇಲಿ, ಕೊಳದ ಮೇಲೆ ಗಟ್ಟಿ ಹೊದಿಕೆ, ಮೇಲೆ ಪೂರ್ತಿ ಗೂಡು, ಇಲ್ಲ ಕೂಗೋ ಅಲಾರಂ. ನಾಲ್ಕರಲ್ಲಿ ಒಂದಿದ್ದರೆ ಆಯ್ತು. ನನಗೆ ಅನ್ನಿಸೋದು, ಅಲಾರಂ ಕೂಗೋದು ಮಗು ಬಿದ್ದ ಮೇಲೆ. ಬೇಲಿ ಕೆಲಸ ಮಾಡೋದು ಬೀಳೋಕೆ ಮುಂಚೆ. ಕರೆಂಟು ಹೋದರೂ ಬೇಲಿ ನಿಂತಿರುತ್ತೆ. ನಮ್ಮ ಕಡೆ ಕರೆಂಟಿನ ಸಂಗತಿ ನಿಮಗೆ ಹೇಳಬೇಕಾಗಿಲ್ಲ.

ಇನ್ನು ಬೇಲಿಯ ಅಳತೆ. ಆಸ್ಟ್ರೇಲಿಯಾದ ಮಾನದಂಡಕ್ಕೆ ಎಎಸ್ 1926 ಅಂತ ಹೆಸರು. ಇಸವಿ ಅಲ್ಲ, ಅದರ ನಂಬರು ಅಷ್ಟೆ. ಅದರಲ್ಲಿ ಇರೋ ಒಂದೊಂದು ಅಳತೆಯೂ ಮಗುವಿನ ಮೈ ಅಳೆದು ಇಟ್ಟ ಹಾಗಿದೆ. ಬೇಲಿ 1.2 ಮೀಟರಿಗಿಂತ ಕಮ್ಮಿ ಇರಬಾರದು, ಅಂದರೆ ನಾಲ್ಕು ಅಡಿ. ಕೆಳಗಿನ ಸಂದು 100 ಮಿಲಿಮೀಟರ್ ಮೀರಬಾರದು, ಅಂದರೆ 4 ಇಂಚು. ನೆಟ್ಟಗೆ ನಿಂತ ಕಂಬಿಗಳ ನಡುವೆಯೂ ಅಷ್ಟೇ, ಯಾಕಂದ್ರೆ ಅಷ್ಟರಲ್ಲಿ ಕೂಸಿನ ತಲೆ ತೂರಲ್ಲ. ಗೇಟು ಕೊಳದ ಕಡೆಗೆ ತೆರೆಯಬಾರದು, ಹೊರಗಡೆಗೆ ತೆರೆಯಬೇಕು. ಮಗು ಒರಗಿ ತಳ್ಳಿದರೆ ಗೇಟು ಇನ್ನೂ ಬಿಗಿಯಾಗಬೇಕೇ ಹೊರತು ತೆರೆದುಕೊಳ್ಳಬಾರದು. ಕೈ ಬಿಟ್ಟರೆ ತಾನೇ ಮುಚ್ಚಬೇಕು, ತಾನೇ ಚಿಲಕ ಬೀಳಬೇಕು. ಚಿಲಕ 1.5 ಮೀಟರ್ ಎತ್ತರದಲ್ಲಿ, ಅಂದರೆ ಐದು ಅಡಿ. ಬೇಲಿ ಪಕ್ಕ 900 ಮಿಲಿಮೀಟರ್, ಮೂರಡಿ ಜಾಗದಲ್ಲಿ ಹತ್ತೋಕೆ ಆಗೋ ಯಾವ ವಸ್ತುವೂ ಇರಬಾರದು. ಕುರ್ಚಿ, ಕುಂಡ, ಕೊಂಬೆ, ಯಾವುದೂ. ದೊಡ್ಡ ಕಣ್ಣಿನ ಜಾಲರಿ ಹಾಕಿದರೆ ಎತ್ತರ 1.8 ಮೀಟರ್ ಇರಬೇಕು, ಆರಡಿ, ಯಾಕಂದ್ರೆ ಮಗು ಆ ಕಣ್ಣಿಗೆ ಬೆರಳು ಸಿಕ್ಕಿಸಿ ಹತ್ತುತ್ತೆ.

ಈಗ ನಮ್ಮ ಬೇಲಿ ನೆನಪು ಮಾಡ್ಕೊಳ್ಳಿ. ಕಲ್ಲುಕಂಬ, ನಾಲ್ಕೋ ಐದೋ ಎಳೆ ಮುಳ್ಳುತಂತಿ, ಎಳೆ ಎಳೆ ನಡುವೆ ಒಂದಡಿ. ಎಮ್ಮೆಗೆ ಅದು ಬೇಲಿ. ಎರಡು ವರ್ಷದ ಮಗುವಿಗೆ ಅದು ಬಾಗಿಲು. ಬಗ್ಗೋ ಅವಶ್ಯಕತೆಯೂ ಇಲ್ಲ, ಚೆಂಡಿನ ಹಿಂದೆ ಹಾಗೇ ತೂರಿ ಹೋಗುತ್ತೆ. ಕೊಳದ ಬೇಲಿ ಚರಿತ್ರೆಯಲ್ಲಿ ನನ್ನ ತಲೆಗೆ ಹೊಕ್ಕಿದ್ದು ಇದೇ: ಬೇಲಿ ಇದೆ ಅನ್ನೋದು ಬೇರೆ, ಯಾರಿಗೆ ಹಾಕಿದ ಬೇಲಿ ಅನ್ನೋದು ಬೇರೆ.

ನಮ್ಮ ಹಿರಿಯರ ಕಾಲದ ನೀರು ಹೇಗಿತ್ತು ಅಂತಲೂ ನೋಡೋಣ. ಹಂಪಿಯ ಪುಷ್ಕರಣಿ ನೋಡಿದವರಿಗೆ ಗೊತ್ತು, ನಾಲ್ಕೂ ಕಡೆ ಮೆಟ್ಟಿಲು. ಊರ ಕಲ್ಯಾಣಿಗಳೂ ಹಾಗೇ. ನೀರು ಎಷ್ಟೇ ಇಳಿಯಲಿ ಏರಲಿ, ಕಾಲಿಗೆ ಒಂದು ಮೆಟ್ಟಿಲು ಸಿಗುತ್ತೆ. ಕೆರೆಗೆ ಇಳಿಜಾರು ಅಂಗಳ, ಮಗು ಮೊಣಕಾಲುದ್ದ ನೀರಲ್ಲಿ ಇನ್ನೂ ಆಟ ಆಡ್ತಾ ಇರುತ್ತೆ. ಸೇದೋ ಬಾವಿಗೆ ಸೊಂಟದೆತ್ತರ ಕಟ್ಟೆ. ಕಪಿಲೆ ಬಾವಿಗಳು ಅಪಾಯದವೇ, ಆದರೆ ಅವು ತೋಟದಲ್ಲಿ ಇದ್ದವು, ಗೋಡೆಯಲ್ಲಿ ಚಾಚುಗಲ್ಲು ಇದ್ದವು, ದಿನಾ ಜನ ಅಲ್ಲೇ ಇರ್ತಾ ಇದ್ದರು. ಹಳೇ ಕಾಲದಲ್ಲಿ ಮಕ್ಕಳು ಮುಳುಗಲಿಲ್ಲ ಅಂತ ನಾನು ಹೇಳಲ್ಲ. ಪ್ರತಿ ಊರಿನ ಬಾವಿಗೂ ಒಂದೊಂದು ಕಥೆ ಇದೆ. ಆದರೆ ಬಿದ್ದವರು ಕೈಗೆ ಏನನ್ನಾದರೂ ಹಿಡಿಯೋ ಹಾಗೆ ಆ ಬಾವಿ ಕಲ್ಯಾಣಿಗಳು ಇದ್ದವು.

ಆಮೇಲೆ ಕೊಳವೆಬಾವಿ ಬಂತು. ನೀರು ಬಾರದ ಬೋರುಗಳನ್ನ ಹಾಗೇ ಬಿಟ್ಟರು. 2006ರ ಜುಲೈನಲ್ಲಿ ಹರಿಯಾಣದಲ್ಲಿ ಒಂದು ಮಗು ಬಿದ್ದಿದ್ದನ್ನ ದೇಶವೇ ಟೀವಿಯಲ್ಲಿ ನೋಡಿತು. ನಮ್ಮ ಉತ್ತರ ಕರ್ನಾಟಕದಲ್ಲೂ ಅಂಥ ದುರಂತಗಳಾದವು. 2010ರಲ್ಲಿ ಸುಪ್ರೀಂ ಕೋರ್ಟು ನಿಯಮ ಕೊಟ್ಟಿತು: ಕೊರೆಯುವಾಗ ಸುತ್ತ ಬೇಲಿ ಹಾಕಿ, ಕೇಸಿಂಗ್ ಸುತ್ತ ಸಿಮೆಂಟ್ ಕಟ್ಟೆ ಕಟ್ಟಿ, ಬಾಯಿಗೆ ಕ್ಯಾಪು ಹಾಕಿ, ಕೈಬಿಟ್ಟ ಬೋರನ್ನ ತಳದಿಂದ ಮಣ್ಣು ಮರಳು ಕಲ್ಲು ತುಂಬಿ ಮುಚ್ಚಿ. ಅಂದರೆ ನಮ್ಮಲ್ಲೂ ಆರಿಂಚಿನ ತೂತಿಗೆ ನಿಯಮ ಬಂದಿದೆ. ಆಗಲೂ "ಅಪ್ಪ ಅಮ್ಮ ಕಣ್ಣಿಡಬೇಕಿತ್ತು" ಅಂತ ಕೋರ್ಟು ಹೇಳಿ ಸುಮ್ಮನಾಗಲಿಲ್ಲ. ತೂತನ್ನೇ ಮುಚ್ಚಿ ಅಂದಿತು.

ಆರಿಂಚಿನ ತೂತು ಆದ ಮೇಲೆ ಬಂದಿದ್ದು ಎಪ್ಪತ್ತು ಅಡಿ ಅಗಲದ ಹೊಂಡ. 2014–15ರಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾಯ್ತು. ಮಳೆಯಾಶ್ರಿತ ತಾಲ್ಲೂಕುಗಳಲ್ಲಿ ಹೊಂಡದ ಮೇಲೆ ಹೊಂಡ ಬಂದವು. 10×10 ಮೀಟರಿನಿಂದ 21×21 ಮೀಟರಿನವರೆಗೆ, ಆಳ ಮಾತ್ರ ಎಲ್ಲಕ್ಕೂ 3 ಮೀಟರು. ನಮ್ಮಂಥ ಬಯಲುಸೀಮೆಯವರಿಗೆ ಅದು ಮಾಡಿದ ಉಪಕಾರ ದೊಡ್ಡದು. ರಾಗಿ ತೆನೆ ಕಟ್ಟೋ ಹೊತ್ತಿಗೆ ಮಳೆ ಕೈಕೊಟ್ಟಾಗ ಒಂದು ನೀರು ಕೊಟ್ಟು ಬೆಳೆ ಉಳಿಸಿಕೊಂಡವರು ನಾವೆಲ್ಲ. ಹೊಂಡ ಬೇಡ ಅಂತ ನಾನು ಹೇಳ್ತಿಲ್ಲ. ಯೋಜನೆ 2023–24ರಲ್ಲಿ ಮತ್ತೆ ಶುರುವಾದಾಗ ಹೊಂಡದ ಸುತ್ತ ತಂತಿ ಬೇಲಿಯೂ ಅದರ ಘಟಕಗಳಲ್ಲಿ ಒಂದಾಗಿದೆ. ಒಳ್ಳೇದೇ. ಹೊಸದಾಗಿ ಹೊಂಡ ಮಾಡಿಸೋರು ರೈತ ಸಂಪರ್ಕ ಕೇಂದ್ರದಲ್ಲಿ ಬೇಲಿ ಬಗ್ಗೆ ಮರೆಯದೆ ಕೇಳಿ.

ಆದರೆ ಶೀಟು ಹಾಕಿದ ಹೊಂಡ ಈಜುಕೊಳಕ್ಕಿಂತ ಕೆಟ್ಟದ್ದು ಅನ್ನೋದು ನಮಗೆ ಗೊತ್ತಿರಬೇಕು. ಈಜುಕೊಳಕ್ಕೆ ಅಂಚಲ್ಲಿ ಹಿಡಿಯೋಕೆ ಜಾಗ ಇರುತ್ತೆ, ಏಣಿ ಇರುತ್ತೆ, ಒಂದು ಕಡೆ ಆಳ ಕಮ್ಮಿ ಇರುತ್ತೆ, ತಿಳಿನೀರಲ್ಲಿ ತಳ ಕಾಣುತ್ತೆ. ನಮ್ಮ ಹೊಂಡದಲ್ಲಿ ಇವು ಯಾವುವೂ ಇಲ್ಲ. ನಾಲ್ಕೂ ಕಡೆ ಜಾರು ಇಳಿಜಾರು, ಮೇಲೆ ಪಾಚಿ. ನಾನು ಹೋದ ಬೇಸಿಗೆಯಲ್ಲಿ ಮೊಣಕಾಲುದ್ದ ನೀರಿದ್ದಾಗ ಹೂಳು ತೆಗೆಯೋಕೆ ಹಗ್ಗ ಕಟ್ಟಿಕೊಂಡು ಇಳಿದಿದ್ದೆ. ಹಗ್ಗ ಬಿಟ್ಟು ಹತ್ತೋಣ ಅಂತ ನೋಡಿದೆ. ಐವತ್ತು ದಾಟಿದ, ತೆಂಗಿನ ಮರ ಹತ್ತಿ ಅಭ್ಯಾಸ ಇರೋ ನನಗೆ ಎರಡು ಹೆಜ್ಜೆ ಮೇಲೆ ಇಡೋಕೆ ಆಗಲಿಲ್ಲ. ಈಜು ಬರೋ ದೊಡ್ಡವರೇ ಅಲ್ಲಿಂದ ಹತ್ತಿ ಬರಲಾರರು. ಒಬ್ಬರನ್ನ ಎತ್ತೋಕೆ ಹೋಗಿ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು ಹೋದ ಸುದ್ದಿ ಪೇಪರಿನಲ್ಲಿ ಓದ್ತಾನೇ ಇರ್ತೀವಿ. ಕಾರಣ ಈ ಜಾರು ಶೀಟು.

ಮೋಟಾರಿನ ಬಗ್ಗೆಯೂ ಒಂದು ಮಾತು. ಅಮೆರಿಕಾದಲ್ಲಿ 2002ರಲ್ಲಿ, ಹಿಂದೆ ವಿದೇಶಾಂಗ ಮಂತ್ರಿಯಾಗಿದ್ದ ಜೇಮ್ಸ್ ಬೇಕರ್ ಅವರ ಏಳು ವರ್ಷದ ಮೊಮ್ಮಗಳು ಬಿಸಿನೀರಿನ ತೊಟ್ಟಿಯ ತಳದಲ್ಲಿ ನೀರು ಎಳೆಯೋ ಬಾಯಿಗೆ ಅಂಟಿಕೊಂಡು, ಬಿಡಿಸಿಕೊಳ್ಳೋಕೆ ಆಗದೆ ತೀರಿಕೊಂಡಳು. ಅವಳ ತಾಯಿ ಹೋರಾಡಿ, ಆ ಮಗುವಿನ ಹೆಸರಲ್ಲೇ 2007ರ ಡಿಸೆಂಬರಿನಲ್ಲಿ ಕಾನೂನು ಬಂತು. ನೀರು ಎಳೆಯೋ ಬಾಯಿಗೆ ಸುರಕ್ಷಿತ ಮುಚ್ಚಳ ಕಡ್ಡಾಯ ಆಯ್ತು. ನಮ್ಮ ಫುಟ್‌ವಾಲ್ವಿನ ಜಾಲರಿ ಕಸ ತಡೆಯೋಕೆ ಮಾತ್ರ ಅಂದುಕೊಂಡಿದ್ದೀವಿ. ಜಾಲರಿ ಮುರಿದ ಸಕ್ಷನ್ ಪೈಪು ಇದ್ದರೆ ಇವತ್ತೇ ಬದಲಾಯಿಸಿ. ಮೋಟಾರು ಓಡುವಾಗ ಯಾರೂ ಹೊಂಡಕ್ಕೆ ಇಳಿಯಬಾರದು. ಕರೆಂಟಿನ ವೈರು ನೀರ ಹತ್ತಿರ ಇರೋದು ಇನ್ನೊಂದು ಕಾರಣ.

ಶ್ರೀಮಂತ ದೇಶಗಳ ಕಥೆ ಆಯ್ತು, ನಮ್ಮಂಥವರದ್ದು ಹೇಳು ಅಂತೀರಾ? ಬಾಂಗ್ಲಾದೇಶದ ಹಳ್ಳಿಗಳಲ್ಲಿ ಮನೆಗೊಂದು ಕೊಳ. ಮನೆ ಎತ್ತರ ಮಾಡೋಕೆ ಮಣ್ಣು ತೆಗೆದ ಗುಂಡಿಯೇ ಕೊಳ, ಅದರಲ್ಲೇ ಮೀನು, ಅದರಲ್ಲೇ ಪಾತ್ರೆ. ಅಲ್ಲಿ ಚಿಕ್ಕ ಮಕ್ಕಳು ಮುಳುಗೋದು ಹೆಚ್ಚು ಬೆಳಗ್ಗೆ 9ರಿಂದ ಮಧ್ಯಾಹ್ನ 1ರ ಒಳಗೆ ಅಂತ ಕಂಡುಕೊಂಡರು. ತಾಯಿ ಅಡುಗೆ, ಕೊಟ್ಟಿಗೆ, ನೀರು ಅಂತ ಓಡಾಡೋ ಹೊತ್ತು, ತಂದೆ ಹೊಲದಲ್ಲಿ. ಪ್ರತಿ ಮನೆಯ ಕೊಳಕ್ಕೂ ಬೇಲಿ ಹಾಕೋಷ್ಟು ದುಡ್ಡಿಲ್ಲದ ಕಡೆ ಅವರು ಆ ಹೊತ್ತಿಗೆ ಮಕ್ಕಳನ್ನ ಒಂದು ಕಡೆ ಕೂರಿಸೋ ಕೇಂದ್ರ ಮಾಡಿದರು. ಆಂಚಲ್ ಅಂತ ಹೆಸರು, ಅಂದರೆ ಸೆರಗು. ನಮ್ಮಲ್ಲಿ ಅಂಗನವಾಡಿ ಆಗಲೇ ಇದೆ. ಕಳೆ, ಕುಯ್ಲಿನ ದಿನಗಳಲ್ಲಿ ಚಿಕ್ಕವರನ್ನ ತಪ್ಪದೆ ಕಳಿಸೋದು ಪಾಠಕ್ಕೆ ಮಾತ್ರ ಅಲ್ಲ, ಪ್ರಾಣಕ್ಕೂ ಕಾವಲು. ಆದರೆ ದಸರಾ ರಜಕ್ಕೆ ಪಟ್ಟಣದಿಂದ ಬರೋ ಮಕ್ಕಳಿಗೆ ಆ ಕಾವಲೂ ಇಲ್ಲ. ಹೊಂಡ ಎಲ್ಲಿದೆ ಅಂತಲೂ ಗೊತ್ತಿರಲ್ಲ.

ಈ ತಿಂಗಳು ನಾನು ಹಿಡಿದಿರೋ ಕೆಲಸ ಹೇಳ್ತೀನಿ. ನಿಮ್ಮಲ್ಲಿ ಇದಕ್ಕಿಂತ ಒಳ್ಳೇ ಉಪಾಯ ಇದ್ದರೆ ಕೆಳಗೆ ಬರೀರಿ.

ನಮ್ಮದು 21×21ರ ಹೊಂಡ. ಅಂಚಿಂದ ಒಂದೂವರೆ ಮೀಟರು ಬಿಟ್ಟು ಬೇಲಿ ಗೆರೆ ಹಾಕಿದರೆ ಒಂದು ಕಡೆಗೆ 24 ಮೀಟರು, ಸುತ್ತ 96 ಮೀಟರು, ಅಂದರೆ ಸುಮಾರು 315 ಅಡಿ. ಎಂಟಡಿಗೆ ಒಂದು ಕಂಬ ಅಂದರೆ 40 ಕಂಬ. ಹಳೇ ಕಲ್ಲುಕಂಬಗಳನ್ನೇ ಬಳಸ್ತಿದ್ದೀನಿ. ಚೈನ್‌ಲಿಂಕ್ ಜಾಲರಿ ಆರಡಿಯದ್ದು, ಯಾಕೆ ಆರಡಿ ಅಂತ ಮೇಲೆ ಹೇಳಿದ್ದೀನಿ. ಜಾಲರಿಯ ಕೆಳಗಿನ ಅಂಚನ್ನ ಮಣ್ಣಲ್ಲಿ ಹೂತು ಮೇಲೆ ಕಲ್ಲು ಕೂರಿಸ್ತಿದ್ದೀನಿ. ಮಳೆ ನೀರು ಒಳಗೆ ಬರೋ ಕಾಲುವೆ ಹತ್ತಿರ ಜಾಲರಿ ಕೆಳಗೆ ದೊಡ್ಡ ಸಂದು ಉಳಿಯುತ್ತೆ. ಬಹಳ ಕಡೆ ಮಗು ನುಸುಳೋಕೆ ಆಗೋ ಜಾಗ ಅದೇ. ಅಲ್ಲಿ ಕಬ್ಬಿಣದ ಸರಳು 4 ಇಂಚಿಗೂ ಕಮ್ಮಿ ಅಂತರದಲ್ಲಿ ನೆಟ್ಟಗೆ ಹಾಕಿಸಿ. ಅಡ್ಡ ಹಾಕಬೇಡಿ, ಅಡ್ಡ ಹಾಕಿದರೆ ಅದೇ ಏಣಿ.

ಗೇಟು ಒಂದೇ, ಹೊರಗಡೆಗೆ ತೆರೆಯೋ ಹಾಗೆ. ತಾನೇ ಮುಚ್ಚೋಕೆ ಸ್ಪ್ರಿಂಗ್ ಕೀಲು ಬರುತ್ತೆ. ಅದು ಬೇಡ ಅಂದರೆ ನಮ್ಮ ಹಿರಿಯರ ಉಪಾಯವೇ ಇದೆ: ಗೇಟಿಗೆ ಹಗ್ಗ ಕಟ್ಟಿ, ಕಂಬದ ರಾಟೆ ಮೇಲೆ ಹಾಯಿಸಿ, ತುದಿಗೆ ಐದಾರು ಕೆಜಿ ಕಲ್ಲು. ಕೈ ಬಿಟ್ಟ ತಕ್ಷಣ ಕಲ್ಲು ಇಳಿಯುತ್ತೆ, ಗೇಟು ಮುಚ್ಚುತ್ತೆ. ಚಿಲಕ ಐದಡಿ ಮೇಲೆ. ಬೀಗ ಹಾಕಿದರೆ ಇನ್ನೂ ಒಳ್ಳೇದು, ಆದರೆ ಬೀಗ ಮನುಷ್ಯ ಹಾಕಬೇಕು. ಮರೆತರೂ ಮುಚ್ಚೋದು ಕಲ್ಲು. ಗೇಟಿಗೆ ಇಟ್ಟಿಗೆ ಒಡ್ಡಿ ತೆರೆದಿಡೋ ಅಭ್ಯಾಸ ಮೋಟಾರು ಹಾಕೋಕೆ ಹೋಗೋ ಎಲ್ಲರಿಗೂ ಇದೆ. ಅದನ್ನ ನಮ್ಮ ಮನೆಯಲ್ಲಿ ನಿಲ್ಲಿಸಿದೀನಿ, ಸ್ಟಾರ್ಟರ್ ಪೆಟ್ಟಿಗೆಯನ್ನೇ ಬೇಲಿಯ ಹೊರಗೆ ಹಾಕಿಸ್ತಿದ್ದೀನಿ. ಒಳಗೆ ಹೋಗೋ ಕೆಲಸ ಎಷ್ಟು ಕಮ್ಮಿಯೋ ಗೇಟು ತೆರೆಯೋದು ಅಷ್ಟು ಕಮ್ಮಿ.

ಬೇಲಿಯ ಸುತ್ತ ಮೂರಡಿ ಖಾಲಿ. ಪೈಪಿನ ಕಟ್ಟು, ಟೊಮೆಟೊ ಕ್ರೇಟು, ಗೊಬ್ಬರದ ಚೀಲ, ಕಲ್ಲುಗುಡ್ಡೆ ಯಾವುದನ್ನೂ ಒರಗಿಸಬಾರದು.

ಬೇಲಿಯ ಒಳಗೆ, ನಾಲ್ಕೂ ಕಡೆ ಒಂದೊಂದು ಗಟ್ಟಿ ಹಗ್ಗ, ಅಡಿಗೊಂದು ಗಂಟು ಹಾಕಿ, ಕಂಬಕ್ಕೆ ಕಟ್ಟಿ ನೀರಿನೊಳಗೆ ಇಳಿಬಿಡಿ. ಬಿದ್ದವರು ಯಾವ ಮೂಲೆಗೆ ಬಂದರೂ ಕೈಗೆ ಸಿಗಬೇಕು. ಗೇಟಿನ ಹತ್ತಿರ ಉದ್ದ ಬಿದಿರು ಗಳ ಮತ್ತು ಗಾಳಿ ತುಂಬಿದ ಟ್ಯೂಬು ಇಲ್ಲ ಮುಚ್ಚಳ ಬಿಗಿದ ಖಾಲಿ ಕ್ಯಾನು, ಅದಕ್ಕೂ ಹಗ್ಗ ಕಟ್ಟಿ ನೇತುಹಾಕಿ. ಯಾರಾದರೂ ಬಿದ್ದರೆ ಧುಮುಕಬೇಡಿ. ಮೊದಲು ಎಸೀರಿ, ಚಾಚಿ. ಇಳಿಯಲೇಬೇಕಾದರೆ ಸೊಂಟಕ್ಕೆ ಹಗ್ಗ ಕಟ್ಟಿ, ಅದರ ತುದಿ ಕಂಬಕ್ಕೆ ಕಟ್ಟಿ.

ಮೇಲೆತ್ತಿದ ಮೇಲೆ ಏನು ಮಾಡಬೇಕು ಅನ್ನೋದಕ್ಕೂ ಒಂದು ಚರಿತ್ರೆ ಇದೆ, ಚಿಕ್ಕದಾಗಿ ಹೇಳಿ ಮುಗಿಸ್ತೀನಿ. 1767ರಲ್ಲಿ ಕಾಲುವೆಗಳ ಊರಾದ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮುಳುಗಿದವರನ್ನ ಉಳಿಸೋಕೆ ಅಂತಲೇ ಒಂದು ಸಂಘ ಹುಟ್ಟಿತು. 1774ರಲ್ಲಿ ಲಂಡನ್ನಿನಲ್ಲಿ ಇನ್ನೊಂದು. ಆ ಕಾಲದಲ್ಲಿ ಪೀಪಾಯಿ ಮೇಲೆ ಮಲಗಿಸಿ ಉರುಳಿಸೋದು, ತಂಬಾಕಿನ ಹೊಗೆಯನ್ನ ಹಿಂದಿನಿಂದ ಊದೋದು ಎಲ್ಲ ಚಿಕಿತ್ಸೆ ಅಂತ ನಡೀತಿತ್ತು. ನಗಬೇಡಿ, ನಮ್ಮಲ್ಲಿ ಇವತ್ತಿಗೂ ಮಗುವನ್ನ ಕಾಲು ಹಿಡಿದು ತಲೆಕೆಳಗೆ ಮಾಡಿ ತಿರುಗಿಸ್ತಾರೆ, ಹೊಟ್ಟೆ ಒತ್ತಿ ನೀರು ತೆಗೀತಾರೆ. 1950ರ ದಶಕದಲ್ಲಿ ಜೇಮ್ಸ್ ಇಲಾಮ್, ಪೀಟರ್ ಸಫಾರ್ ಅನ್ನೋ ಡಾಕ್ಟರುಗಳು ಬಾಯಿಂದ ಬಾಯಿಗೆ ಉಸಿರು ಊದೋದೇ ಸರಿ ಅಂತ ಪರೀಕ್ಷೆ ಮಾಡಿ ತೋರಿಸಿದರು. 1960ರಲ್ಲಿ ಎದೆ ಒತ್ತೋ ಕ್ರಮ ಬಂತು. ಮುಳುಗಿದ ಮಗುವಿಗೆ ಮೊದಲು ಬೇಕಾಗಿರೋದು ಉಸಿರು. ಹೊಟ್ಟೆ ಒತ್ತೋದರಲ್ಲಿ, ತಿರುಗಿಸೋದರಲ್ಲಿ ಹೋಗೋ ಪ್ರತಿ ನಿಮಿಷವೂ ನಷ್ಟ. ಒಬ್ಬರು 108ಕ್ಕೆ ಫೋನ್ ಮಾಡಬೇಕು, ಇನ್ನೊಬ್ಬರು ಅಲ್ಲೇ, ದಂಡೆ ಮೇಲೇ ಶುರು ಮಾಡಬೇಕು. ಇದನ್ನ ಓದಿ ಕಲಿಯೋಕೆ ಆಗಲ್ಲ, ಗೊಂಬೆ ಮೇಲೆ ಒತ್ತಿ ಕಲಿಯಬೇಕು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಭಾನುವಾರ ಹೇಳಿಕೊಡ್ತೀರಾ ಅಂತ ಕೇಳಿದ್ದೀನಿ. ದಿನ ಗೊತ್ತಾದ ಕೂಡಲೇ ಇಲ್ಲಿ ಹಾಕ್ತೀನಿ. ಹೆಣ್ಣುಮಕ್ಕಳು ತಪ್ಪದೆ ಬರಬೇಕು, ಯಾಕಂದ್ರೆ ಹಗಲು ಹೊತ್ತು ಮನೆ ಹತ್ತಿರ ಇರೋರು ಅವರೇ.

ದುಡ್ಡಿನ ಮಾತು ಬರುತ್ತೆ, ಗೊತ್ತು. ಜಾಲರಿ ಸುರುಳಿ ಒಬ್ಬೊಬ್ಬರೇ ತಂದರೆ ಅಂಗಡಿಯವನು ಹೇಳಿದ್ದೇ ರೇಟು. ನಾವು ನಾಲ್ಕೈದು ಜನ ಸೇರಿ ಒಂದೇ ಲೋಡು ತಂದರೆ ಬಾಡಿಗೆಯೂ ಉಳಿಯುತ್ತೆ, ರೇಟೂ ಇಳಿಯುತ್ತೆ. ಈ ವರ್ಷ ಪೂರ್ತಿ ಹಾಕೋಕೆ ಆಗದವರು ಕಡೇಪಕ್ಷ ಎರಡು ಕೆಲಸ ಮಾಡಿ: ಮನೆ ಕಡೆಯ ಬದಿಗೆ ಮೊದಲು ಜಾಲರಿ, ನಾಲ್ಕು ಕಡೆ ಗಂಟು ಹಗ್ಗ. ಉಳಿದ ಮೂರು ಬದಿ ಬರೋ ಬೆಳೆ ಮಾರಿದ ಮೇಲೆ. ಆದರೆ ಒಂದು ಬದಿ ಹಾಕಿ ಆಯ್ತು ಅಂತ ಕೂರಬೇಡಿ, ಮಗು ಸುತ್ತಿ ಬರೋಕೆ ಎರಡು ನಿಮಿಷ ಸಾಕು. ಅಲ್ಲಿಯವರೆಗೆ ಮಕ್ಕಳು ಮನೆಗೆ ಬಂದಾಗ "ಎಲ್ಲರೂ ನೋಡ್ಕೊಳ್ತಾರೆ" ಅನ್ನೋದನ್ನ ಬಿಟ್ಟು, ಈ ಗಂಟೆ ಇಂಥವರದ್ದು ಅಂತ ಒಬ್ಬರ ಹೆಸರು ಹೇಳಿ ಒಪ್ಪಿಸಿ. ಹಬ್ಬದ ಮನೆಯಲ್ಲಿ ಹತ್ತು ಜನ ನೋಡ್ತಿದ್ದಾರೆ ಅಂದರೆ ಯಾರೂ ನೋಡ್ತಿಲ್ಲ ಅಂತಲೇ ಅರ್ಥ.

ಬೇಲಿ ಇದ್ದವರು ನಾಳೆ ಬೆಳಗ್ಗೆ ಒಂದು ಕೆಲಸ ಮಾಡಿ. 4 ಇಂಚು ಉದ್ದ, 4 ಇಂಚು ಅಗಲ, 4 ಇಂಚು ಎತ್ತರದ ಒಂದು ಮರದ ತುಂಡು ಕುಯ್ದುಕೊಂಡು ಬೇಲಿ ಸುತ್ತ ಒಂದು ಸುತ್ತು ಬನ್ನಿ. ಕಂಬದ ಸಂದು, ಗೇಟಿನ ಅಡಿ, ಕಾಲುವೆ ಬಾಯಿ, ಎಲ್ಲ ಕಡೆ ತೂರಿಸಿ ನೋಡಿ. ತುಂಡು ಎಲ್ಲಿ ಒಳಗೆ ಹೋಯ್ತೋ ಅಲ್ಲಿ ಸುಣ್ಣದಲ್ಲಿ ಗುರುತು ಹಾಕಿ. ನಿಮ್ಮಲ್ಲಿ ಎಷ್ಟು ಗುರುತು ಬಿತ್ತು ಅಂತ ಕೆಳಗೆ ಬರೀರಿ. ಜಾಲರಿ ಬೇಕಾದವರು ಅಡಿ ಲೆಕ್ಕ ಬರೆದು ಕಳಿಸಿ, ಸೋಮವಾರ ತರೋಕೆ ಹೋಗ್ತಿದ್ದೀನಿ.